ಫಲಕಗೃಹಗಳೂ ಜಲನಿವಾರಣೆಯೂ: ಶಾಖರೋಧಕ ಫಲಕನಿರ್ಮಾಣದ ಚರಿತ್ರೆಯಲ್ಲಿ ಸಂಧಿಯ ಸಮಸ್ಯೆ

೧

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಭಾರವನ್ನು ಹೊರುವ ಅಂಗಗಳ ಚರಿತ್ರೆಯನ್ನೇ ಬರೆಯುತ್ತಾರೆ. ಕಂಬ, ತೊಲೆ, ಕಮಾನು, ಗುಮ್ಮಟ ಇವುಗಳ ವಿಕಾಸವೇ ವಾಸ್ತುವಿದ್ಯೆಯ ವಿಕಾಸವೆಂಬ ಭಾವನೆ ವಿದ್ವಾಂಸರಲ್ಲಿ ರೂಢಮೂಲವಾಗಿದೆ. ಗಾರೆ, ಬಣ್ಣ, ಸಂದುಗಳ ಮುಚ್ಚಿಗೆ, ಸೂರಿನ ಅಂಚಿಗೆ ಬಡಿದ ತಗಡು ಇವೆಲ್ಲ ಕುಶಲಕರ್ಮಿಗಳ ಕೈಗೆ ಬಿಟ್ಟ ಅಲ್ಪವಿಷಯಗಳೆಂದು ಎಣಿಸಲ್ಪಟ್ಟಿವೆ. ಆದರೆ ಕಟ್ಟಡವೊಂದು ಎಷ್ಟು ಕಾಲ ಬಾಳುತ್ತದೆಂಬುದನ್ನು ಅನೇಕ ವೇಳೆ ನಿರ್ಣಯಿಸುವವು ಈ ಅಲ್ಪವಿಷಯಗಳೇ. ಈ ಮಾತಿಗೆ ಇಪ್ಪತ್ತನೆಯ ಶತಮಾನದ ಒಂದು ನಿರ್ಮಾಣಪದ್ಧತಿಯ ಚರಿತ್ರೆ ಉತ್ತಮ ನಿದರ್ಶನವಾಗಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ ಬೆಳೆದ ಶಾಖರೋಧಕ ರಚನಾಫಲಕಗಳ ಪದ್ಧತಿಯೇ ಅದು.

ಈ ಫಲಕದ ರಚನೆ ಸರಳವಾದುದು. ಎರಡು ತೆಳುವಾದ ಮರದ ಹಲಗೆಗಳ ನಡುವೆ ಹಗುರವಾದ, ಶಾಖವನ್ನು ಹರಿಯಗೊಡದ ದಪ್ಪನಾದ ತಿರುಳನ್ನಿಟ್ಟು ಮೂರನ್ನೂ ಒಂದಾಗಿ ಅಂಟಿಸಿದರೆ ಫಲಕ ಸಿದ್ಧವಾಯಿತು. ಇಂದು ಪ್ರಚಾರದಲ್ಲಿರುವ ಫಲಕಗಳಲ್ಲಿ ಮುಖಪದರಗಳು ಬಹುಮಟ್ಟಿಗೆ ಓ. ಎಸ್. ಬಿ. ಎಂದು ಕರೆಯುವ ಚಕ್ಕೆಹಲಗೆಗಳು. ಅವುಗಳ ದಪ್ಪ ಸುಮಾರು ೧೧ ಮಿಲಿಮೀಟರು. ತಿರುಳು ಸಾಮಾನ್ಯವಾಗಿ ಉಬ್ಬಿಸಿದ ಪಾಲಿಸ್ಟೈರೀನ್ ನೊರೆ. ಉಕ್ಕಿನ ತೊಲೆಯಲ್ಲಿ ಮೇಲಿನ ಕೆಳಗಿನ ಅಂಚುಪಟ್ಟಿಗಳು ಒತ್ತಡವನ್ನೂ ಎಳೆತವನ್ನೂ ತಾಳಿಕೊಂಡು, ನಡುವಿನ ತಗಡು ಅವನ್ನು ದೂರವಿರಿಸುವಂತೆ, ಇಲ್ಲಿ ಮುಖಪದರಗಳು ಬಲವನ್ನು ಹೊರುತ್ತವೆ, ತಿರುಳು ಅವುಗಳ ಅಂತರವನ್ನು ಕಾಯುತ್ತದೆ. ಗೋಡೆಗೆ ಕಂಬಗಳ ಚೌಕಟ್ಟೇ ಬೇಕಿಲ್ಲ. ಗೋಡೆಯೇ ಚೌಕಟ್ಟು, ಗೋಡೆಯೇ ಹೊದಿಕೆ.

ಈ ಪದ್ಧತಿಯ ಚರಿತ್ರೆಯನ್ನು ಇದುವರೆಗೆ ಬಲದ ಮತ್ತು ಶಾಖರಕ್ಷಣೆಯ ವಿಜಯದ ಕಥೆಯಾಗಿ ಹೇಳುವುದು ವಾಡಿಕೆ. ಪ್ರಸ್ತುತ ಲೇಖನದ ಉದ್ದೇಶ ಬೇರೆ. ಫಲಕದ ಬಲದ ಪ್ರಶ್ನೆ ೧೯೪೦ರ ದಶಕದ ವೇಳೆಗೆ ಬಹುಮಟ್ಟಿಗೆ ಪರಿಹಾರವಾಗಿತ್ತು. ಆ ಮೇಲಿನ ಅರ್ಧಶತಮಾನದ ನಿಜವಾದ ಸಮಸ್ಯೆ ಒಂದು ಫಲಕ ಇನ್ನೊಂದನ್ನು ಕೂಡುವ ಸಂದಿನಲ್ಲಿಯೂ ಅದನ್ನು ಮಳೆಯಿಂದಲೂ ಹಬೆಯಿಂದಲೂ ಕಾಪಾಡುವ ಮುಗಿತಾಯದ ಕೆಲಸದಲ್ಲಿಯೂ ಅಡಗಿತ್ತು ಎಂಬುದನ್ನು ತೋರಿಸುವುದೇ ಇಲ್ಲಿನ ಪ್ರಯತ್ನ.

೨

ಈ ಚರಿತ್ರೆಯ ಪ್ರಾರಂಭವನ್ನು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ಗುರುತಿಸಬೇಕು. ಅಮೆರಿಕದ ಅರಣ್ಯ ಇಲಾಖೆ ೧೯೧೦ರಲ್ಲಿ ಅಲ್ಲಿ ಅರಣ್ಯೋತ್ಪನ್ನಗಳ ಪ್ರಯೋಗಾಲಯವನ್ನು ಸ್ಥಾಪಿಸಿತು. ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಗ್ಗವಾದ ಮನೆಗಳ ಅವಶ್ಯಕತೆ ತೀವ್ರವಾದಾಗ, ಈ ಪ್ರಯೋಗಾಲಯದ ಎಂಜಿನಿಯರುಗಳು ವಿಮಾನದ ರೆಕ್ಕೆಗಳಲ್ಲಿ ಉಪಯೋಗಿಸುತ್ತಿದ್ದ ತತ್ತ್ವವನ್ನು ಮನೆಗೆ ಅನ್ವಯಿಸಿದರು. ತೆಳುವಾದ ಮರದ ಪಟ್ಟಿಗಳ ಎರಡು ಪಕ್ಕಗಳಿಗೂ ಪ್ಲೈವುಡ್ಡನ್ನು ಮೊಳೆ ಬಡಿಯದೆ ಅಂಟಿನಿಂದ ಕೂಡಿಸಿದರೆ, ಹೊದಿಕೆಯೂ ಭಾರವನ್ನು ಹಂಚಿಕೊಳ್ಳುತ್ತದೆ. ಆದುದರಿಂದ ಒಳಗಿನ ಮರ ಕಡಿಮೆಯಾದರೂ ಸಾಕು. ಈ ತತ್ತ್ವವನ್ನನುಸರಿಸಿದ ಪ್ರದರ್ಶನಗೃಹವೊಂದನ್ನು ೧೯೩೫ರಲ್ಲಿ ಅವರು ಕಟ್ಟಿದರು.

ಈ ಸಾಹಸದ ಹಿಂದೆ ಅಂಟಿನ ಪ್ರಗತಿಯೂ ಇತ್ತೆಂಬುದನ್ನು ಮರೆಯಲಾಗದು. ಅದಕ್ಕೆ ಮೊದಲು ಪ್ಲೈವುಡ್ಡನ್ನು ಅಂಟಿಸಲು ಹಾಲಿನ ಕೇಸೀನ್, ಸೋಯಾ ಅವರೆ ಮೊದಲಾದವುಗಳಿಂದ ಮಾಡಿದ ಅಂಟುಗಳನ್ನು ಬಳಸುತ್ತಿದ್ದರು. ನೀರು ಸೋಕಿದರೆ ಪದರಗಳು ಬಿಡುತ್ತಿದ್ದವು. ವಾಷಿಂಗ್ಟನ್ ಸಂಸ್ಥಾನದ ಆಬರ್ಡೀನಿನಲ್ಲಿದ್ದ ಪ್ಲೈವುಡ್ ಸಂಸ್ಥೆಯೊಂದರ ರಸಾಯನಶಾಸ್ತ್ರಜ್ಞ ಜೇಮ್ಸ್ ನೆವಿನ್ ೧೯೩೪ರಲ್ಲಿ ನೀರಿಗೆ ಜಗ್ಗದ ಅಂಟನ್ನು ಸಿದ್ಧಪಡಿಸಿದ ಮೇಲೆಯೇ ಪ್ಲೈವುಡ್ಡು ಮನೆಯ ಹೊರಮೈಗೆ ತಕ್ಕ ಪದಾರ್ಥವಾಯಿತು. ಎಂದರೆ ಫಲಕದ ಜನ್ಮಕ್ಕೇ ಜಲನಿವಾರಣೆಯ ಒಂದು ಆವಿಷ್ಕಾರ ಕಾರಣವಾಯಿತು.

ಇದೇ ಮ್ಯಾಡಿಸನ್ ನಗರದಲ್ಲಿ ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪತ್ರಕರ್ತ ಹರ್ಬರ್ಟ್ ಜೇಕಬ್ಸ್ ಅವರಿಗಾಗಿ ಕಟ್ಟಿದ ಮನೆ ೧೯೩೭ರಲ್ಲಿ ಪೂರ್ಣವಾಯಿತು. ಅದರ ವೆಚ್ಚ ಸುಮಾರು ೫,೫೦೦ ಡಾಲರುಗಳು. ಅದರ ಮರದ ಗೋಡೆಗಳಲ್ಲಿ ಕಂಬಗಳಿಲ್ಲ. ನಡುವೆ ನಿಲುವಾಗಿ ಜೋಡಿಸಿದ ಹಲಗೆಗಳು, ಅವುಗಳ ಇಕ್ಕೆಲಗಳಲ್ಲಿಯೂ ತೇವವನ್ನು ತಡೆಯುವ ಕಾಗದ, ಅದರ ಮೇಲೆ ಅಡ್ಡವಾಗಿ ತಿರುಪುಗಳಿಂದ ಬಿಗಿದ ಹಲಗೆ ಮತ್ತು ಪಟ್ಟಿಗಳು, ಇಷ್ಟೇ ಗೋಡೆ. ಮುಗಿತಾಯದ ಪದರವೇ ಗೋಡೆಯಾದುದರಿಂದ ಗಾರೆಗೂ ಬಣ್ಣಕ್ಕೂ ಖರ್ಚಿಲ್ಲ. ಆದರೆ ಅದರಲ್ಲಿ ಶಾಖವನ್ನು ತಡೆಯುವ ಪದಾರ್ಥವಿರಲಿಲ್ಲ. ವಿಸ್ಕಾನ್ಸಿನ್ನಿನ ಚಳಿಗಾಲಕ್ಕೆ ಅದೊಂದು ದೊಡ್ಡ ಕೊರತೆಯೇ ಸರಿ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಎಂಜಿನಿಯರುಗಳೂ ಕಲಾವಿದನೂ ಬೇರೆ ಬೇರೆ ಮಾರ್ಗಗಳಿಂದ ಒಂದೇ ಗುರಿಯತ್ತ ನಡೆಯುತ್ತಿದ್ದರೆಂಬುದು ಗಮನಾರ್ಹವಾದ ಸಂಗತಿ.

೩

ಶಾಖರಕ್ಷಣೆ ಮನೆಗಳಿಗೆ ಬಂದೊಡನೆ ಹೊಸದೊಂದು ವ್ಯಾಧಿ ಕಾಣಿಸಿಕೊಂಡಿತು. ೧೯೩೦ರ ದಶಕದಲ್ಲಿ ಗೋಡೆಗಳ ಪೊಳ್ಳಿಗೆ ಶಾಖರೋಧಕವನ್ನು ತುಂಬಿದ ಮನೆಗಳಲ್ಲಿ ಹೊರಗಿನ ಬಣ್ಣ ಗುಳ್ಳೆಯೆದ್ದು ಸುಲಿಯತೊಡಗಿತು. ಬಣ್ಣದ ವ್ಯಾಪಾರಿಗಳು ಶಾಖರೋಧಕವನ್ನು ದೂರಿದರು. ಶಾಖರೋಧಕದ ವ್ಯಾಪಾರಿಗಳು ಬಣ್ಣವನ್ನು ದೂರಿದರು. ಮ್ಯಾಡಿಸನ್ ಪ್ರಯೋಗಾಲಯದ ಎಲ್. ವಿ. ಟೀಸ್ಡೇಲ್ ೧೯೩೭ರಲ್ಲಿ ಗೋಡೆಗಳಲ್ಲಿಯೂ ಅಟ್ಟಗಳಲ್ಲಿಯೂ ಹಬೆ ಹನಿಗಟ್ಟುವ ವಿಷಯವಾಗಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಮಿನೆಸೋಟ ವಿಶ್ವವಿದ್ಯಾನಿಲಯದ ಎಫ್. ಬಿ. ರೌಲಿಯವರೂ ಅದೇ ಕಾಲದಲ್ಲಿ ಈ ವಿಷಯದಲ್ಲಿ ಪ್ರಯೋಗಗಳನ್ನು ನಡೆಸಿದರು. ಅವರ ವಿವರಣೆ ಹೀಗೆ: ಚಳಿಗಾಲದಲ್ಲಿ ಮನೆಯ ಒಳಗಿನ ಗಾಳಿ ಬೆಚ್ಚಗೂ ಆರ್ದ್ರವಾಗಿಯೂ ಇರುತ್ತದೆ. ಶಾಖ ಹೊರಗೆ ಹೋಗದಂತೆ ತಡೆದಾಗ ಗೋಡೆಯ ಹೊರಪದರ ಮೊದಲಿಗಿಂತ ತಣ್ಣಗಾಗುತ್ತದೆ. ಒಳಗಿನಿಂದ ಹಾಯ್ದು ಬಂದ ಹಬೆ ಆ ತಣ್ಣನೆಯ ಪದರದ ಮೇಲೆ ನೀರಾಗುತ್ತದೆ.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಳಗಿನ ಗಾಳಿಯ ಉಷ್ಣತೆ ೨೧ ಡಿಗ್ರಿ ಸೆಂಟಿಗ್ರೇಡ್, ಸಾಪೇಕ್ಷ ಆರ್ದ್ರತೆ ನೂರಕ್ಕೆ ೪೦ ಇದ್ದರೆ, ಆ ಗಾಳಿ ಸುಮಾರು ೭ ಡಿಗ್ರಿಗೆ ಇಳಿದೊಡನೆ ಅದರಲ್ಲಿನ ಹಬೆ ಹನಿಗಟ್ಟಲಾರಂಭಿಸುತ್ತದೆ. ಶೀತದೇಶಗಳಲ್ಲಿ ಗೋಡೆಯ ಹೊರಪದರ ತಿಂಗಳುಗಟ್ಟಲೆ ಇದಕ್ಕಿಂತ ತಣ್ಣಗಿರುವುದು ಸಹಜ. ಹೀಗಿರಲು ಪರಿಹಾರವೆಂದು ಎರಡು ಉಪಾಯಗಳು ಸೂಚಿಸಲ್ಪಟ್ಟವು. ಗೋಡೆಯ ಒಳಮೈಗೆ ಹಬೆ ಹಾಯದಂತಹ ಪೊರೆಯನ್ನು ಹೊದಿಸುವುದು ಒಂದು. ಅಟ್ಟಕ್ಕೆ ಗಾಳಿಕಿಂಡಿಗಳನ್ನಿಟ್ಟು ಅಲ್ಲಿ ಸೇರಿದ ಹಬೆಯನ್ನು ಹೊರಗೆ ಕಳುಹಿಸುವುದು ಇನ್ನೊಂದು. ಕೇಂದ್ರ ಗೃಹನಿರ್ಮಾಣ ಆಡಳಿತ ೧೯೪೨ರಲ್ಲಿ ಹೊರಡಿಸಿದ ಕನಿಷ್ಠ ನಿಯಮಗಳಲ್ಲಿ, ಅಟ್ಟದ ವಿಸ್ತೀರ್ಣದ ೩೦೦ರಲ್ಲಿ ಒಂದು ಭಾಗದಷ್ಟು ಗಾಳಿಕಿಂಡಿ ಇರತಕ್ಕದ್ದೆಂಬ ಪ್ರಮಾಣ ಸೇರಿತು.

ಈ ಪರಿಹಾರಗಳ ಹಿಂದೆ ಎರಡು ಊಹೆಗಳಿದ್ದವು. ಹಬೆ ಮುಖ್ಯವಾಗಿ ಪದಾರ್ಥಗಳ ಮೈಯೊಳಗಿಂದಲೇ ವ್ಯಾಪಿಸಿ ಬರುತ್ತದೆಂಬುದು ಮೊದಲನೆಯದು. ಕಟ್ಟಡದಲ್ಲಿ ಗಾಳಿಯಾಡಿಸಲು ಪೊಳ್ಳುಜಾಗವಿದೆಯೆಂಬುದು ಎರಡನೆಯದು. ಫಲಕಗೃಹದಲ್ಲಿ ಈ ಎರಡೂ ನಿಲ್ಲುವುದಿಲ್ಲ. ಫಲಕದ ಮೈಯಲ್ಲಿ ಹಬೆ ಹಾಯುವುದು ಅತ್ಯಲ್ಪ. ಅದರೊಳಗೆ ಪೊಳ್ಳೂ ಇಲ್ಲ, ಫಲಕದ ಛಾವಣಿಯ ಕೆಳಗೆ ಅಟ್ಟವೂ ಇಲ್ಲ. ಫಲಕದಲ್ಲಿ ಹಬೆಗೆ ದಾರಿ ಉಳಿದಿರುವುದು ಸಂದುಗಳಲ್ಲಿ ಮಾತ್ರ. ಅಲ್ಲಿ ಅದು ಚಲಿಸುವ ಗಾಳಿಯೊಡನೆ ಬರುತ್ತದೆ. ಗಾಳಿ ಹೊತ್ತು ತರುವ ಹಬೆಯ ಪ್ರಮಾಣ ಪದಾರ್ಥದ ಮೂಲಕ ವ್ಯಾಪಿಸುವ ಹಬೆಗಿಂತ ಅನೇಕ ಮಡಿ ಅಧಿಕ. ಈ ಭೇದ ಆ ಕಾಲದ ನಿಯಮಗಳಲ್ಲಿ ಪ್ರತಿಬಿಂಬಿತವಾಗಲಿಲ್ಲ.

೪

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೭ರಲ್ಲಿ, ಮ್ಯಾಡಿಸನ್ ಪ್ರಯೋಗಾಲಯವು ಪೂರ್ಣಾರ್ಥದಲ್ಲಿ ಸ್ಯಾಂಡ್‌ವಿಚ್ ಫಲಕಗಳಿಂದಲೇ ಪರೀಕ್ಷಾಕಟ್ಟಡವೊಂದನ್ನು ಕಟ್ಟಿತು. ತಿರುಳಾಗಿ ಸುಕ್ಕುಗಟ್ಟಿದ ಕಾಗದವನ್ನೂ, ಮುಖಪದರಗಳಾಗಿ ಪ್ಲೈವುಡ್, ಗಡುಸಾದ ನಾರುಹಲಗೆ, ಸಂಸ್ಕರಿಸಿದ ಕಾಗದಹಲಗೆ ಮುಂತಾದವನ್ನೂ ಬಳಸಿದರು. ಆ ಕಟ್ಟಡವನ್ನು ಮಳೆ, ಹಿಮ, ಬಿಸಿಲುಗಳಿಗೆ ಒಡ್ಡಿ, ಅದರ ಫಲಕಗಳನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಬಂದರು. ಕಡೆಗೆ ೧೯೭೮ರಲ್ಲಿ, ಎಂದರೆ ೩೧ ವರ್ಷಗಳ ತರುವಾಯ, ಅದನ್ನು ಕಳಚಿ ನೋಡಿದಾಗ ಬಹುತೇಕ ಫಲಕಗಳು ತಮ್ಮ ಮೊದಲಿನ ಬಲವನ್ನು ಉಳಿಸಿಕೊಂಡಿದ್ದವು. ಹೊರಮೈಗೆ ತಕ್ಕುದಲ್ಲದ ಕಾಗದಹಲಗೆಯ ಮುಖವುಳ್ಳ ಫಲಕಗಳು ಮಾತ್ರ ಇದಕ್ಕೆ ಅಪವಾದವಾಗಿದ್ದವು.

ಈ ಫಲಿತಾಂಶವನ್ನು ಫಲಕಪದ್ಧತಿಯ ದೀರ್ಘಾಯುಷ್ಯಕ್ಕೆ ಸಾಕ್ಷಿಯಾಗಿ ಉದಾಹರಿಸುವುದುಂಟು. ಅದು ನ್ಯಾಯವಾದುದೇ. ಆದರೆ ಈ ಸಾಕ್ಷ್ಯದ ಮಿತಿಯನ್ನೂ ಅರಿಯಬೇಕು. ಪ್ರಯೋಗಾಲಯದ ಅಂಗಳದಲ್ಲಿ, ತಜ್ಞರ ಕಣ್ಣೆದುರಿನಲ್ಲಿ, ಎಚ್ಚರಿಕೆಯಿಂದ ಜೋಡಿಸಿ ಕಾಪಾಡಿದ ಕಟ್ಟಡ ಅದು. ಅಡಿಗೆ, ಸ್ನಾನ, ಬಟ್ಟೆ ಒಗೆತಗಳಿಂದ ದಿನವೂ ಹಬೆಯನ್ನು ಹುಟ್ಟಿಸುವ ಸಂಸಾರವೊಂದು ಅವಸರದ ಕಂತ್ರಾಟುದಾರನು ಜೋಡಿಸಿದ ಮನೆಯಲ್ಲಿ ವಾಸಿಸಿದಾಗ ಏನಾಗುವುದೆಂಬ ಪ್ರಶ್ನೆಗೆ ಅದು ಉತ್ತರವಲ್ಲ. ಫಲಕವು ಬಾಳುತ್ತದೆಂಬುದನ್ನು ಅದು ಸ್ಥಾಪಿಸಿತು. ಫಲಕಗಳ ಮನೆ ಬಾಳುತ್ತದೆಂಬುದನ್ನು ಸ್ಥಾಪಿಸುವುದು ಉಳಿದಿತ್ತು.

ಅಷ್ಟರಲ್ಲಿ ತಿರುಳಿನ ಪದಾರ್ಥ ಬದಲಾಯಿತು. ಸ್ವೀಡನ್ನಿನ ಕಾರ್ಲ್ ಮುಂಟರ್ಸ್ ೧೯೩೦ರ ದಶಕದಲ್ಲಿ ಕಂಡುಹಿಡಿದಿದ್ದ ಪಾಲಿಸ್ಟೈರೀನ್ ನೊರೆಯ ತಯಾರಿಕೆಯನ್ನು ಮಿಷಿಗನ್ ಸಂಸ್ಥಾನದ ಮಿಡ್‌ಲ್ಯಾಂಡಿನ ಡೌ ರಾಸಾಯನಿಕ ಸಂಸ್ಥೆಯಲ್ಲಿ ರೇ ಮಕಿಂಟೈರ್ ೧೯೪೦ರ ದಶಕದ ಆರಂಭದಲ್ಲಿ ಮುಂದುವರಿಸಿದರು. ಯುದ್ಧಕಾಲದಲ್ಲಿ ಅದು ತೇಲುವ ತೆಪ್ಪಗಳಿಗೆ ಉಪಯೋಗವಾಯಿತು. ಆ ಸಂಸ್ಥೆಯ ಸ್ಥಾಪಕನ ಮಗನೂ ರೈಟ್ ಅವರಲ್ಲಿ ಅಭ್ಯಾಸ ಮಾಡಿದವರೂ ಆದ ವಾಸ್ತುಶಿಲ್ಪಿ ಆಲ್ಡೆನ್ ಬಿ. ಡೌ ೧೯೫೦ರ ದಶಕದ ಆರಂಭದಲ್ಲಿ ಮಿಡ್‌ಲ್ಯಾಂಡಿನಲ್ಲಿ ನೊರೆಯ ತಿರುಳಿನ ಫಲಕಗಳಿಂದ ಮನೆಗಳನ್ನು ಕಟ್ಟಿದರು. ಗುರುವಿನ ತೆಳುಗೋಡೆಯಲ್ಲಿದ್ದ ಕೊರತೆಯನ್ನು ಶಿಷ್ಯನು ತಂದೆಯ ಕಾರ್ಖಾನೆಯ ಪದಾರ್ಥದಿಂದ ತುಂಬಿದನೆಂದರೆ ಅತಿಶಯೋಕ್ತಿಯಲ್ಲ.

ಮುಖಪದರದ ಬದಲಾವಣೆ ಬಂದುದು ೧೯೮೦ರ ದಶಕದಲ್ಲಿ. ಕೆನಡದ ಆಲ್ಬರ್ಟ ಪ್ರಾಂತದಲ್ಲಿ ಆ ದಶಕದ ಆದಿಯಲ್ಲಿ ಓ. ಎಸ್. ಬಿ. ಹಲಗೆಯ ತಯಾರಿಕೆ ಪ್ರಾರಂಭವಾಗಿ ಶೀಘ್ರದಲ್ಲಿಯೇ ಹರಡಿತು. ಸಣ್ಣ ಮರಗಳ ಚಕ್ಕೆಗಳನ್ನು ದಿಕ್ಕಿಗನುಸಾರವಾಗಿ ಜೋಡಿಸಿ ರಾಳದಿಂದ ಒತ್ತಿ ಮಾಡುವ ಈ ಹಲಗೆ ಅಗ್ಗವಾದುದು. ಅಲ್ಲದೆ ಅದನ್ನು ೮ ಅಡಿ ಅಗಲ, ೨೪ ಅಡಿ ಉದ್ದದವರೆಗೆ ಒಂದೇ ತುಂಡಾಗಿ ಮಾಡಬಹುದು. ಫಲಕ ದೊಡ್ಡದಾದಷ್ಟೂ ಸಂದುಗಳು ಕಡಿಮೆ, ಇದು ಲಾಭ. ಆದರೆ ಅದರ ಕತ್ತರಿಸಿದ ಅಂಚು ನೀರು ಕುಡಿದರೆ ಊದಿಕೊಳ್ಳುತ್ತದೆ. ನೆನೆದ ಪ್ಲೈವುಡ್ಡಿನ ಮೂಲಕ ಹಬೆ ಹೆಚ್ಚು ಸುಲಭವಾಗಿ ಹೊರಹೋಗುವಂತೆ ಇದರ ಮೂಲಕ ಹೋಗುವುದಿಲ್ಲವಾದ್ದರಿಂದ ಒಣಗುವುದೂ ನಿಧಾನ, ಇದು ನಷ್ಟ. ಫಲಕದಲ್ಲಿ ಅತ್ಯಂತ ದುರ್ಬಲವಾದ ಅಂಚು ಅತ್ಯಂತ ಅಪಾಯಕರವಾದ ಸಂದಿನಲ್ಲಿಯೇ ಇರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

೫

ಈ ಮಧ್ಯೆ ಕೆನಡ ದೇಶದಲ್ಲಿ ಗೋಡೆಯ ಶಾಸ್ತ್ರವೇ ಹೊಸದಾಗಿ ರೂಪುಗೊಳ್ಳುತ್ತಿತ್ತು. ಅಲ್ಲಿನ ರಾಷ್ಟ್ರೀಯ ಸಂಶೋಧನ ಪರಿಷತ್ತಿನ ಕಟ್ಟಡ ಸಂಶೋಧನ ವಿಭಾಗವು ೧೯೬೦ರಿಂದ ಪ್ರಕಟಿಸತೊಡಗಿದ ಸಂಗ್ರಹಪತ್ರಿಕೆಗಳಲ್ಲಿ ಎ. ಜಿ. ವಿಲ್ಸನ್ ಕಟ್ಟಡದ ಗಾಳಿಸೋರಿಕೆಯನ್ನು ಕುರಿತು ೧೯೬೧ರಲ್ಲಿಯೂ, ಜಿ. ಕೆ. ಗಾರ್ಡನ್ ಮಳೆನೀರಿನ ಪ್ರವೇಶವನ್ನು ಕುರಿತು ೧೯೬೩ರಲ್ಲಿಯೂ ಬರೆದ ಲೇಖನಗಳು ಪ್ರಸಿದ್ಧವಾಗಿವೆ. ಗಾರ್ಡನ್ನರ ವಾದ ಸರಳ, ಆದರೆ ಮೂಲಭೂತ. ಗೋಡೆಯೊಳಗೆ ನೀರು ಬರಬೇಕಾದರೆ ಮೂರು ಕೂಡಿಬರಬೇಕು: ಗೋಡೆಯ ಮೇಲೆ ನೀರಿರಬೇಕು, ಅದು ನುಗ್ಗಲು ರಂಧ್ರವಿರಬೇಕು, ಅದನ್ನು ಒಳಕ್ಕೆ ತಳ್ಳುವ ಬಲವಿರಬೇಕು. ಇವುಗಳಲ್ಲಿ ಯಾವುದೊಂದು ಇಲ್ಲವಾದರೂ ಸೋರಿಕೆಯಿಲ್ಲ. ರಂಧ್ರಗಳನ್ನೆಲ್ಲ ಎಂದೆಂದಿಗೂ ಮುಚ್ಚಿರುವುದು ಮಾನವಸಾಧ್ಯವಲ್ಲವಾದುದರಿಂದ ಒಳನುಗ್ಗಿಸುವ ಬಲವನ್ನು ಕುಂದಿಸುವುದೇ ವಿವೇಕ. ಹೊರಗಿನ ಹೊದಿಕೆಯ ಹಿಂದೆ ಗಾಳಿಯಿರುವ ತೆರಪನ್ನು ಬಿಟ್ಟರೆ ಎರಡೂ ಕಡೆ ಗಾಳಿಯ ಒತ್ತಡ ಸಮನಾಗುತ್ತದೆ. ನುಸುಳಿದ ಅಲ್ಪ ನೀರು ತನ್ನ ಭಾರದಿಂದ ಕೆಳಗಿಳಿದು ಹೊರಹೋಗುತ್ತದೆ.

ಈ ತತ್ತ್ವದ ಉಪೇಕ್ಷೆಯಿಂದಾಗುವ ಹಾನಿಗೆ ಫಲಕಗೃಹಗಳ ಹೊರಗೂ ನಿದರ್ಶನಗಳುಂಟು. ಉತ್ತರ ಕೆರೊಲೈನದ ವಿಲ್ಮಿಂಗ್ಟನ್ ಪ್ರದೇಶದಲ್ಲಿ ನೊರೆಹಲಗೆಯ ಮೇಲೆ ತೆಳುಗಾರೆ ಬಳಿದ ಮನೆಗಳ ಗೋಡೆಗಳು ಒಳಗೇ ಕೊಳೆತಿದ್ದುದು ೧೯೯೦ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದಿತು. ಕೆನಡದ ವ್ಯಾಂಕೂವರ್ ಸುತ್ತಿನ ಸೋರುವ ವಸತಿಕಟ್ಟಡಗಳ ವಿಚಾರಣೆಗೆ ಬ್ರಿಟಿಷ್ ಕೊಲಂಬಿಯ ಸರ್ಕಾರವು ೧೯೯೮ರಲ್ಲಿ ಡೇವ್ ಬ್ಯಾರೆಟ್ ಅವರ ಆಯೋಗವನ್ನು ನೇಮಿಸಬೇಕಾಯಿತು. ಎರಡೆಡೆಗಳಲ್ಲಿಯೂ ಹೊರಮೈಯನ್ನು ಪೂರ್ಣವಾಗಿ ಮುಚ್ಚಿಬಿಟ್ಟರೆ ಸಾಕೆಂಬ ನಂಬಿಕೆ ಕಂಡುಬರುತ್ತದೆ. ಒಳಬಂದ ನೀರಿಗೆ ಹೊರಹೋಗುವ ದಾರಿ ಇರಲಿಲ್ಲ.

೬

ಫಲಕಪದ್ಧತಿಗೆ ಇಂತಹ ಪರೀಕ್ಷೆ ಒದಗಿದುದು ಅಲಾಸ್ಕದ ರಾಜಧಾನಿಯಾದ ಜೂನೋ ನಗರದಲ್ಲಿ. ಸಮುದ್ರತೀರದ ಈ ಊರು ತಂಪಾದುದು, ಸದಾ ಮೋಡ ಮುಸುಕಿದುದು. ವರ್ಷಕ್ಕೆ ಸುಮಾರು ೬೦ ಅಂಗುಲಕ್ಕೂ ಮಿಕ್ಕು ಮಳೆ. ಅಲ್ಲಿನ ಕೆಲವು ಫಲಕಗೃಹಗಳ ಛಾವಣಿಗಳಲ್ಲಿ ಹೊದಿಕೆಯ ಕೆಳಗಿನ ಚಕ್ಕೆಹಲಗೆ ಕೊಳೆತು ಮೆದುವಾಗಿದ್ದುದು ೨೦೦೧ರಲ್ಲಿ ಪತ್ತೆಯಾಯಿತು. ಕೊಳೆತ ಎಲ್ಲೆಡೆ ಸಮನಾಗಿ ಹರಡಿರಲಿಲ್ಲ. ಫಲಕಗಳ ಸಂದುಗಳ ಉದ್ದಕ್ಕೂ, ವಿಶೇಷವಾಗಿ ಛಾವಣಿಯ ನೆತ್ತಿಯ ಬಳಿಯಲ್ಲಿಯೂ ಕೂಡಿಕೊಂಡಿತ್ತು.

ಮೇಲಿನಿಂದ ಮಳೆ ಸೋರಿತೆಂದು ಯಾರಾದರೂ ಊಹಿಸಬಹುದು. ಆದರೆ ಮುಖ್ಯ ಕಾರಣ ಕೆಳಗಿನಿಂದ ಬಂದುದು. ಬೆಚ್ಚನೆಯ ಗಾಳಿ ಹಗುರವಾದುದರಿಂದ ಮೇಲೇರಿ ಮನೆಯ ಅತ್ಯುನ್ನತ ಸ್ಥಾನದಲ್ಲಿ ಹೊರದಾರಿಯನ್ನು ಹುಡುಕುತ್ತದೆ. ನೆತ್ತಿಯ ಸಂದನ್ನು ಸರಿಯಾಗಿ ಮುಚ್ಚದಿದ್ದಲ್ಲಿ ಅದೇ ದಾರಿಯಾಯಿತು. ಆ ಗಾಳಿಯ ಹಬೆ ತಣ್ಣಗಿದ್ದ ಹೊರಹಲಗೆಯ ಅಡಿಯಲ್ಲಿ ನೀರಾಯಿತು. ಮೇಲೆ ನೀರಿಗೆ ಜಗ್ಗದ ಹೊದಿಕೆ, ಕೆಳಗೆ ಹಬೆಯನ್ನು ಹಾಯಗೊಡದ ನೊರೆ; ನೆನೆದ ಹಲಗೆ ಒಣಗುವ ದಾರಿ ಎತ್ತಲೂ ಇರಲಿಲ್ಲ. ೧೯೩೭ರಲ್ಲಿ ಮ್ಯಾಡಿಸನ್ನಿನಲ್ಲಿ ವಿವರಿಸಿದ ವ್ಯಾಧಿಯೇ ೬೪ ವರ್ಷಗಳ ಮೇಲೆ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು.

ದೋಷ ಯಾರದು? ಫಲಕ ತಯಾರಕರ ಪಕ್ಷದ ಉತ್ತರ, ಸಂದುಗಳನ್ನು ಸೂಚನೆಯಂತೆ ಮುಚ್ಚದ ಕೆಲಸಗಾರರದು ಎಂದು. ಇದರಲ್ಲಿ ಸತ್ಯಾಂಶವಿದೆ: ಕೊಳೆತವು ಫಲಕದ ಮೈಯನ್ನು ಬಿಟ್ಟು ಸಂದುಗಳನ್ನೇ ಹಿಡಿದುದು ಪದಾರ್ಥ ನಿರ್ದೋಷವೆಂಬುದನ್ನು ತೋರಿಸುತ್ತದೆ. ಆದರೆ ಚರಿತ್ರಕಾರನು ಇಷ್ಟಕ್ಕೆ ತೃಪ್ತನಾಗಲಾರ. ಒಂದೇ ಒಂದು ಸಂದು ತಪ್ಪಿದರೂ ಕೊಳೆಯುವ, ತಪ್ಪನ್ನು ಸಹಿಸುವ ಎರಡನೆಯ ರಕ್ಷಣೆಯಿಲ್ಲದ ಪದ್ಧತಿಯಲ್ಲಿ ಕೆಲಸಗಾರನಿಂದ ಅಪೇಕ್ಷಿಸಿದುದು ಕೌಶಲವಲ್ಲ, ಪರಿಪೂರ್ಣತೆ. ಕಾರ್ಖಾನೆಯು ಕುಶಲಕರ್ಮಿಯ ಅವಶ್ಯಕತೆಯನ್ನು ತಗ್ಗಿಸುತ್ತದೆಂಬುದು ಫಲಕಪದ್ಧತಿಯ ಮೊದಲ ವಾಗ್ದಾನವಾಗಿತ್ತು. ವಾಸ್ತವವಾಗಿ ಅದು ಆ ಅವಶ್ಯಕತೆಯನ್ನು ಗೋಡೆಯ ಮೈಯಿಂದ ಸಂದಿಗೆ ವರ್ಗಾಯಿಸಿತು.

೭

ಇಂದಿನ ಮುಗಿತಾಯದ ವಿಧಿಗಳನ್ನು ಈ ಚರಿತ್ರೆಯ ಬೆಳಕಿನಲ್ಲಿ ನೋಡಿದರೆ ಪ್ರತಿಯೊಂದರ ಹಿಂದೆಯೂ ಒಂದು ಅನುಭವ ಕಾಣುತ್ತದೆ. ಫಲಕಗಳ ಅಂಚುಗಳ ನಡುವೆ ಸುಮಾರು ೩ ಮಿಲಿಮೀಟರು ಎಡೆ ಬಿಡುತ್ತಾರೆ. ಚಕ್ಕೆಹಲಗೆ ಹಿಗ್ಗಲು ಅವಕಾಶ ಬೇಕು. ಸಂದಿನೊಳಗೆ ಮುಚ್ಚುವ ಲೇಪವನ್ನೋ ಉಬ್ಬುವ ನೊರೆಯನ್ನೋ ತುಂಬಿ, ಶೀತದೇಶಗಳಲ್ಲಿ ಅದರ ಒಳಮೈಗೆ ಅಂಟುಪಟ್ಟಿಯನ್ನು ಹಚ್ಚುತ್ತಾರೆ; ಇದು ಜೂನೋ ಕಲಿಸಿದ ಎರಡನೆಯ ರಕ್ಷಣೆ. ಗೋಡೆಯ ಹೊರಮೈಗೆ ನೀರನ್ನು ತಡೆಯುವ ಪೊರೆಯನ್ನು ಹೊದಿಸಿ, ಕಿಟಕಿ ಬಾಗಿಲುಗಳ ಸುತ್ತ ತಗಡಿನ ಅಥವಾ ಪೊರೆಯ ಪಟ್ಟಿಗಳನ್ನು ಮೇಲಿನದು ಕೆಳಗಿನದನ್ನು ಮುಚ್ಚುವಂತೆ ಜೋಡಿಸುತ್ತಾರೆ. ಹೊರಹೊದಿಕೆಯನ್ನು ಪಟ್ಟಿಗಳ ಮೇಲೆ ಬಡಿದು ಹಿಂದೆ ತೆರಪನ್ನು ಬಿಡುವುದು ಗಾರ್ಡನ್ನರ ತತ್ತ್ವ. ಛಾವಣಿಯ ಫಲಕದ ಮೇಲೆಯೂ ಪಟ್ಟಿಗಳನ್ನಿಟ್ಟು ಗಾಳಿಯಾಡುವ ಎರಡನೆಯ ಹೊದಿಕೆಯನ್ನು ಹಾಕುವುದರಿಂದ, ಫಲಕಗೃಹವು ಕಳೆದುಕೊಂಡಿದ್ದ ಅಟ್ಟ ತೆಳುವಾದ ರೂಪದಲ್ಲಿ ಹಿಂದಿರುಗಿದಂತಾಗುತ್ತದೆ.

ಒಳಮೈಗೆ ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆಯನ್ನು ಬಡಿಯುವುದು ಅಂದಕ್ಕಾಗಿ ಮಾತ್ರವಲ್ಲ. ಬೆಂಕಿ ಬಿದ್ದಾಗ ನೊರೆಗೆ ಶಾಖ ತಗಲುವುದನ್ನು ೧೫ ನಿಮಿಷಗಳ ಕಾಲ ತಡೆಯಬೇಕೆಂಬ ನಿಯಮವೇ ಅದಕ್ಕೆ ಕಾರಣ. ನೀರಿನ ಕೊಳವೆಗಳನ್ನು ಹೊರಗೋಡೆಯ ಫಲಕಗಳಲ್ಲಿ ಹಾಯಿಸುವುದಿಲ್ಲ. ವಿದ್ಯುತ್ ತಂತಿಗಳಿಗೆ ಕಾರ್ಖಾನೆಯಲ್ಲಿಯೇ ತಿರುಳಿನಲ್ಲಿ ದಾರಿ ಕೊರೆದಿರುತ್ತದೆ. ಗಾಳಿ ಸೋರದ ಮನೆಯಲ್ಲಿ ಹಬೆ ನಿಲ್ಲುವುದರಿಂದ ಯಂತ್ರದ ಮೂಲಕ ಗಾಳಿ ಬದಲಿಸುವ ಏರ್ಪಾಡು ಅವಶ್ಯಕ. ತಯಾರಕರ ಸಂಘವೊಂದು ೧೯೯೦ರಲ್ಲಿ ಏರ್ಪಟ್ಟಿತು. ಅಮೆರಿಕದ ವಾಸಗೃಹಗಳ ಮಾದರಿ ನಿಯಮಾವಳಿಯ ೨೦೦೭ರ ಪರಿಶಿಷ್ಟದಲ್ಲಿ ಫಲಕದ ಗೋಡೆಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು.

೮

ಮೇಲಿನ ವಿಧಿಗಳನ್ನು ಎಲ್ಲ ದೇಶಗಳಿಗೂ ಹಾಗೆಯೇ ಅನ್ವಯಿಸಬಹುದೆ? ಈ ಪ್ರಶ್ನೆಗೆ ಮೈಸೂರಿನ ನಂಟುಳ್ಳ ಒಬ್ಬ ವಾಸ್ತುಶಿಲ್ಪಿಯ ಅನುಭವ ಪ್ರಸ್ತುತವಾಗಿದೆ. ಜರ್ಮನಿಯನ್ನು ತೊರೆದು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳನ್ನು ರಚಿಸಿದ ಆಟೋ ಕೋನಿಗ್ಸ್‌ಬರ್ಗರ್ ೧೯೪೮ರಲ್ಲಿ ಭಾರತ ಸರ್ಕಾರದ ಗೃಹನಿರ್ಮಾಣ ನಿರ್ದೇಶಕರಾದರು. ದೇಶವಿಭಜನೆಯಿಂದ ನಿರಾಶ್ರಿತರಾದವರ ವಸತಿಗೆ ನೆರವಾಗಲೆಂದು ದೆಹಲಿಯಲ್ಲಿ ಸರ್ಕಾರ ಸ್ಥಾಪಿಸಿದ ಕಾರ್ಖಾನೆಯು ಹಗುರವಾದ ನೊರೆಕಾಂಕ್ರೀಟಿನ ಫಲಕಗಳಿಂದ ಮನೆಗಳನ್ನು ಒದಗಿಸಬೇಕಾಗಿತ್ತು. ನಿರೀಕ್ಷಿಸಿದ ಪ್ರಮಾಣದಲ್ಲಿ ಆ ಮನೆಗಳು ಹೊರಬರಲಿಲ್ಲ. ಕಾರ್ಖಾನೆ ಮುಂದೆ ಬೇರೆ ಕಾಂಕ್ರೀಟು ಸಾಮಗ್ರಿಗಳ ತಯಾರಿಕೆಗೆ ತಿರುಗಿತು. ತರುವಾಯ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಅಧ್ಯಾಪಕರಾದ ಕೋನಿಗ್ಸ್‌ಬರ್ಗರ್ ತಮ್ಮ ಬೋಧನೆಯಲ್ಲಿ ಹವಾಗುಣಕ್ಕೆ ಪ್ರಥಮ ಸ್ಥಾನವನ್ನಿತ್ತರು.

ಫಲಕಗೃಹದ ವಿಷಯದಲ್ಲಿ ಹವಾಗುಣದ ಅರ್ಥ ಸ್ಪಷ್ಟ. ಜೂನೋದಲ್ಲಿ ಹಬೆ ಒಳಗಿನಿಂದ ಹೊರಗೆ ಹರಿಯುತ್ತದೆ. ಸೆಖೆಯ ಕಡಲತೀರದಲ್ಲಿ ಯಂತ್ರದಿಂದ ತಂಪಾಗಿಸಿದ ಕೋಣೆಯ ಗೋಡೆಯಲ್ಲಿ ಅದು ಹೊರಗಿನಿಂದ ಒಳಗೆ ಹರಿಯುತ್ತದೆ. ಅಲ್ಲಿ ರಕ್ಷಕವಾದ ಒಳಪೊರೆ ಇಲ್ಲಿ ನೀರನ್ನು ಹಿಡಿದಿಡುವ ಬಲೆಯಾಗಬಹುದು. ಆದುದರಿಂದ ಒಂದು ದೇಶದ ವಿಧಿಯನ್ನು ಅದರ ಕಾರಣವನ್ನರಿಯದೆ ಇನ್ನೊಂದು ದೇಶಕ್ಕೆ ಕೊಂಡೊಯ್ಯುವುದು ಫಲಕವನ್ನೇ ಕೊಂಡೊಯ್ಯುವುದಕ್ಕಿಂತ ಅಪಾಯಕರ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಕಟ್ಟಡದ ಆಯುಸ್ಸು ಅದರ ಅತ್ಯಂತ ಬಲವಾದ ಅಂಗದಿಂದಲ್ಲ, ಅದರ ಕೂಡಿಕೆಯಿಂದ ನಿರ್ಣಯವಾಗುತ್ತದೆಂಬುದು ಮೊದಲನೆಯದು. ನೀರನ್ನು ತಡೆಯುವುದೊಂದೇ ಜಲನಿವಾರಣೆಯಲ್ಲ, ಬಂದ ನೀರಿಗೆ ಹೋಗಲು ದಾರಿಯನ್ನಿಡುವುದೂ ಅದರ ಭಾಗವೆಂಬುದು ಎರಡನೆಯದು. ಈ ಎರಡನ್ನೂ ತಿಳಿಯಲು ಅಮೆರಿಕದ ಎಂಜಿನಿಯರುಗಳಿಗೆ ೧೯೩೫ರಿಂದ ೨೦೦೧ರವರೆಗಿನ ಅವಧಿ ಬೇಕಾಯಿತು. ಹೊಸ ಪದಾರ್ಥಗಳಿಂದ ಮನೆ ಕಟ್ಟಲು ಹೊರಡುವ ಯಾವ ದೇಶವಾದರೂ ಆ ಅವಧಿಯ ಪಾಠವನ್ನು ಓದಿಕೊಂಡೇ ತೊಡಗುವುದು ಲೇಸು.